ಕೊರೆಚಳಿಯ ಕೈತೋಟ ಮತ್ತು ಕೇಡಿನ ಪ್ರಶ್ನೆ

ಇಂಗ್ಲೆಂಡಿನ ಮನೆಗಳ ಹಿತ್ತಿಲಿಗೆ ಅಕ್ಟೋಬರ್ ಕೊನೆಯಲ್ಲಿ ಕಾಲಿಡುವ ಚಳಿ ಏಪ್ರಿಲ್‌ವರೆಗೂ ಪೂರ್ತಿಯಾಗಿ ಜಾಗ ಬಿಡುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರ್ ಮೂರನೆಯ ವಾರದ ಹಗಲು 8 ಗಂಟೆಗೂ ಕಡಿಮೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯಾದ ಮೊದಲ ರಾತ್ರಿಯೇ ಟೊಮೆಟೊ, ಬೀನ್ಸ್, ಕುಂಬಳದ ಬಳ್ಳಿಗಳು ಬೆಳಗಾಗುವುದರೊಳಗೆ ಕಪ್ಪಾಗಿ ಜೋತುಬೀಳುತ್ತವೆ. ಅದೇ ಮಣ್ಣಿನಲ್ಲಿ ಅಡಗಿರುವ ಪಾರ್ಸ್ನಿಪ್ ಗೆಡ್ಡೆ ಅಂಥ ಕೆಲವು ರಾತ್ರಿಗಳನ್ನು ಕಂಡು ಸಿಹಿಯಾಗುತ್ತದೆ. ಪಕ್ಕದ ಸೇಬಿನ ಮರ ಮುಂದಿನ ವಸಂತದ ಹೂವಿಗೆ ಬೇಕಾದ ಚಳಿಯನ್ನು ಗಂಟೆಗಂಟೆಯಾಗಿ ಕೂಡಿಟ್ಟುಕೊಳ್ಳುತ್ತಿರುತ್ತದೆ. ಒಂದೇ ಚಳಿ ಒಂದಕ್ಕೆ ಸಾವು, ಇನ್ನೊಂದಕ್ಕೆ ಬದುಕಿನ ಅಗತ್ಯ. ಲೋಕದಲ್ಲಿ ಕೇಡು ಏಕಿದೆ, ಕರುಣಾಳುವಾದ ದೇವರು ಅದನ್ನು ಹೇಗೆ ಇರಗೊಟ್ಟಿದ್ದಾನೆ ಎಂಬ ಪ್ರಶ್ನೆಯನ್ನು ಕೇಳಿದವರು ಬಹಳ ಹಿಂದಿನಿಂದಲೂ ಬೀಜ, ಮಣ್ಣು, ಋತುಗಳ ಉಪಮೆಗಳನ್ನು ಎತ್ತಿಕೊಂಡಿದ್ದಾರೆ. ಆ ಉಪಮೆಗಳು ಎಲ್ಲಿಯವರೆಗೆ ನಿಲ್ಲುತ್ತವೆ, ಎಲ್ಲಿ ಕುಸಿಯುತ್ತವೆ ಎಂಬುದು ಗಿಡಗಳು ಚಳಿಯಲ್ಲಿ ನಿಜಕ್ಕೂ ಏನು ಮಾಡುತ್ತವೆ ಎಂಬುದರ ಮೇಲೆ ನಿಂತಿದೆ.

ಮೊದಲು ಚಳಿಯನ್ನು ಬೇಡುವ ಗಿಡಗಳನ್ನು ನೋಡಬಹುದು. ಸಮಶೀತೋಷ್ಣ ದೇಶಗಳಲ್ಲಿ ಬೆಳೆಯುವ ಹೆಚ್ಚಿನ ಸೇಬಿನ ತಳಿಗಳ ಮೊಗ್ಗು ಸರಿಯಾಗಿ ಒಡೆಯಲು ಸೊನ್ನೆಯಿಂದ 7 ಡಿಗ್ರಿ ಸೆಲ್ಸಿಯಸ್‌ವರೆಗಿನ ತಂಪು ಸುಮಾರು 800ರಿಂದ 1,000 ಗಂಟೆ ಸಿಗಬೇಕು. ಅಷ್ಟು ಸಿಗದಿದ್ದರೆ ಕೆಲವು ಮೊಗ್ಗು ಒಡೆದು ಕೆಲವು ಮಲಗಿಯೇ ಇರುತ್ತವೆ. ಹೂ ಹಿಂದುಮುಂದಾಗಿ, ಕಾಯಿ ಕಟ್ಟುವುದು ಕೆಡುತ್ತದೆ. ಬೆಂಗಳೂರಿನ ಡಿಸೆಂಬರ್ ಎಷ್ಟೇ ಹಿತವಾಗಿದ್ದರೂ ಆ ತಳಿಗಳ ಪಾಲಿಗೆ ಅದು ಚಳಿಗಾಲವೇ ಅಲ್ಲ. ಬೆಳ್ಳುಳ್ಳಿಯ ಎಸಳುಗಳನ್ನು ಇಂಗ್ಲೆಂಡಿನಲ್ಲಿ ಅಕ್ಟೋಬರ್-ನವೆಂಬರ್‌ನಲ್ಲೇ ಊರುತ್ತಾರೆ. ಒಂದೆರಡು ತಿಂಗಳು ಚಳಿ ತಿಂದರೆ ಮಾತ್ರ ಗಡ್ಡೆ ಒಳಗೊಳಗೇ ಎಸಳುಗಳಾಗಿ ಒಡೆಯುತ್ತದೆ. ಬೆಚ್ಚಗೆ ಇಟ್ಟು ಬೆಳೆಸಿದರೆ ಎಸಳಿಲ್ಲದ ಒಂಟಿ ಗಡ್ಡೆಯಾಗಿ ಉಳಿಯುವುದುಂಟು. ಟುಲಿಪ್ ಗಡ್ಡೆಗೂ ಮೂರು ತಿಂಗಳಿಗೆ ಕಡಿಮೆಯಿಲ್ಲದ ತಂಪು ಬೇಕು. ಪಾರ್ಸ್ನಿಪ್ ಮತ್ತು ಕೇಲ್ ಸೊಪ್ಪಿನ ಸಿಹಿಗೆ ಕಾರಣ ಬೇರೆ: ಚಳಿ ಹೆಚ್ಚಿದಂತೆ ಗಿಡ ತನ್ನ ಜೀವಕೋಶಗಳಲ್ಲಿ ಸಕ್ಕರೆಯನ್ನು ಹೆಚ್ಚಿಸಿಕೊಳ್ಳುತ್ತದೆ, ಗೆಡ್ಡೆಯಾದರೆ ಕೂಡಿಟ್ಟ ಪಿಷ್ಟವನ್ನೇ ಸಕ್ಕರೆಯಾಗಿ ಒಡೆಯುತ್ತದೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ತಿನ್ನುವವರ ನಾಲಿಗೆಗೆ ರುಚಿಯಾದದ್ದು ಗಿಡ ತನ್ನನ್ನು ಕಾಪಾಡಿಕೊಳ್ಳಲು ಹೂಡಿದ ಉಪಾಯ.

ಚಳಿಯನ್ನು ಗಿಡ ನೆನಪಿಟ್ಟುಕೊಳ್ಳುವ ಬಗೆ ಇನ್ನೂ ಬೆರಗಿನದು. ಕೋಸಿನ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ ಹೂಬಿಡುವುದನ್ನು ತಡೆಹಿಡಿಯುವ ಎಫ್‌ಎಲ್‌ಸಿ ಎಂಬ ವಂಶವಾಹಿ ಇದೆ. ನಾರ್ವಿಚ್‌ನ ಜಾನ್ ಇನ್ನೆಸ್ ಕೇಂದ್ರದಲ್ಲಿ ಕ್ಯಾರೊಲಿನ್ ಡೀನ್ ಮತ್ತು ಸಂಗಡಿಗರು ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದ್ದಾರೆ. ವಾರಗಟ್ಟಲೆ ಚಳಿ ಮುಂದುವರಿದಂತೆ ಒಂದೊಂದಾಗಿ ಜೀವಕೋಶಗಳಲ್ಲಿ ಈ ವಂಶವಾಹಿ ಮೌನವಾಗುತ್ತ ಹೋಗುತ್ತದೆ. ಬಿಸಿಲು ಮರಳಿದ ಮೇಲೂ, ಕೋಶಗಳು ಒಡೆದು ಹೊಸದಾದ ಮೇಲೂ ಆ ಮೌನ ಉಳಿಯುತ್ತದೆ, ಗಿಡ ಹೂಬಿಡುತ್ತದೆ. ಒಂದು ರಾತ್ರಿಯ ಕೊರೆತದಿಂದ ಇದು ಆಗುವುದಿಲ್ಲ, ದೀರ್ಘ ಚಳಿಯೇ ಬೇಕು. ಆ ಹೂವಿನಿಂದ ಹುಟ್ಟುವ ಬೀಜದಲ್ಲಿ ನೆನಪು ಅಳಿಸಿಹೋಗುತ್ತದೆ, ಮರಿಗಿಡ ತನ್ನ ಚಳಿಗಾಲವನ್ನು ತಾನೇ ಕಳೆಯಬೇಕು.

ಕೇಡಿಗೆ ತನ್ನದೇ ಆದ ಅಸ್ತಿತ್ವವಿಲ್ಲ, ಅದು ಒಳಿತಿನ ಇಲ್ಲಮೆ ಮಾತ್ರ ಎಂದು 4-5ನೆಯ ಶತಮಾನದ ಸಂತ ಅಗಸ್ಟಿನ್ ವಾದಿಸಿದ್ದ. ಮೇಲ್ನೋಟಕ್ಕೆ ಚಳಿ ಈ ವಾದಕ್ಕೆ ಹೇಳಿ ಮಾಡಿಸಿದ ನಿದರ್ಶನ, ಏಕೆಂದರೆ ಭೌತವಿಜ್ಞಾನದ ಪ್ರಕಾರವೂ ಚಳಿ ಎಂಬ ವಸ್ತುವಿಲ್ಲ, ಇರುವುದು ಶಾಖದ ಕೊರತೆ. ಆದರೆ ಸೇಬಿನ ಮೊಗ್ಗು ಲೆಕ್ಕ ಇಡುವುದು ಆ ಕೊರತೆಯನ್ನೇ. ಇಲ್ಲದಿರುವುದು ಇಲ್ಲಿ ಏನೂ ಅಲ್ಲದ್ದಾಗಿ ಉಳಿಯದೆ ಒಂದು ಸೂಚನೆಯಾಗಿ, ಒಂದು ಪೋಷಣೆಯಾಗಿ ಕೆಲಸ ಮಾಡುತ್ತದೆ. ಕೊರತೆ ಮತ್ತು ಕೇಡನ್ನು ಒಂದೇ ಎಂದು ಎಣಿಸುವುದು ಗಿಡಗಳ ಮಟ್ಟಿಗಾದರೂ ಆತುರದ ತೀರ್ಮಾನ.

ಇಷ್ಟನ್ನೇ ಹಿಡಿದು, ಎಲ್ಲ ಕಷ್ಟವೂ ಒಂದಲ್ಲ ಒಂದು ಒಳಿತಿಗಾಗಿ ಎಂದು ಹೇಳಿಬಿಡುವ ಮೋಹ ದೊಡ್ಡದು. ಯೂರೋಪಿನಲ್ಲಿ ಆ ಮಾತನ್ನು ಅತ್ಯಂತ ಬಿಗಿಯಾಗಿ ಕಟ್ಟಿದವನು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್. ಅವನ ‘ಥಿಯೊಡಿಸಿ’ ಗ್ರಂಥ 1710ರಲ್ಲಿ ಪ್ರಕಟವಾಯಿತು. ಕೇಡು ಎಷ್ಟೋ ಸಲ ಅನುಭವಿಸುವವನನ್ನೇ ಹೆಚ್ಚಿನ ಪೂರ್ಣತೆಗೆ ಒಯ್ಯುತ್ತದೆ ಎನ್ನುವಾಗ ಅವನು ಕೊಟ್ಟ ಉಪಮೆ ಬೀಜದ್ದು: ಬಿತ್ತಿದ ಬೀಜ ಮೊಳೆಯುವ ಮುನ್ನ ಒಂದು ಬಗೆಯ ಕೊಳೆಯುವಿಕೆಗೆ ಒಳಗಾಗುತ್ತದಷ್ಟೆ. ಉಪಮೆ ಯೇಸುವಿನದೇ ಎಂದೂ ಅವನು ನೆನಪಿಸುತ್ತಾನೆ. ಬೀಜ ಮಣ್ಣಿಗೆ ಬಿದ್ದು ಸಾಯುವ ಮಾತು ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲೂ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲೂ ಬರುತ್ತದೆ.

ಆ ಗ್ರಂಥ ಹೊರಬರುವುದಕ್ಕೆ ಒಂದು ವರ್ಷ ಮೊದಲು ಯೂರೋಪು ತನ್ನ ಇತಿಹಾಸದ ಅತಿ ಕ್ರೂರ ಚಳಿಗಾಲಗಳಲ್ಲೊಂದನ್ನು ಕಂಡಿತ್ತು. 1709ರ ಜನವರಿ 5ರ ರಾತ್ರಿ ಇಳಿದ ಚಳಿ ಫ್ರಾನ್ಸಿನ ಆಲಿವ್, ವಾಲ್‌ನಟ್, ಚೆಸ್ಟ್‌ನಟ್ ಮರಗಳನ್ನು ಕೊಂದಿತು, ಹೊಲದಲ್ಲಿ ಮೊಳೆತಿದ್ದ ಗೋಧಿಯನ್ನು ನಾಶ ಮಾಡಿತು. ಹಿಂದೆಯೇ ಬಂದ ಬರ ಮತ್ತು ರೋಗಗಳಲ್ಲಿ ಆ ದೇಶವೊಂದರಲ್ಲೇ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಸುಮಾರು 6 ಲಕ್ಷವೆಂದು ಅಂದಾಜಿಸುತ್ತಾರೆ. ‘ಥಿಯೊಡಿಸಿ’ಯನ್ನು ಆ ಚಳಿಗೆ ಉತ್ತರವೆಂದು ಓದಬೇಕಿಲ್ಲ, ಅದು ಪಿಯರ್ ಬೇಲ್ ಎಂಬ ಚಿಂತಕನ ಆಕ್ಷೇಪಗಳಿಗೆ ಕೊಟ್ಟ ಉತ್ತರ. ಆದರೂ ಆ ವರ್ಷಗಳ ಓದುಗರು ಬೀಜದ ಉಪಮೆಯನ್ನು ಓದಿದ್ದು ಬೀಜಗಳು ನಿಜವಾಗಿಯೇ ಕೊಳೆತುಹೋದ ಹೊಲಗಳ ನಡುವೆ.

ಇಂಗ್ಲೆಂಡಿನಲ್ಲಿ ಆ ಚಳಿಯನ್ನು ಅಳೆದು ದಾಖಲಿಸಿದವರಲ್ಲಿ ಮುಖ್ಯನಾದವನು ಎಸೆಕ್ಸ್‌ನ ಅಪ್‌ಮಿನ್‌ಸ್ಟರ್ ಊರಿನ ಪಾದ್ರಿ ವಿಲಿಯಂ ಡೆರಮ್. ಚಳಿಯ ಮಟ್ಟವನ್ನೂ, ಹಕ್ಕಿಗಳಿಗೂ ಗಿಡಗಳಿಗೂ ಆದ ಹಾನಿಯನ್ನೂ ಅವನು ರಾಯಲ್ ಸೊಸೈಟಿಗೆ ವರದಿ ಮಾಡಿದ. ಅದೇ ಡೆರಮ್ 1713ರಲ್ಲಿ ಪ್ರಕಟಿಸಿದ ‘ಫಿಸಿಕೊ-ಥಿಯಾಲಜಿ’ ಸೃಷ್ಟಿಯ ಪ್ರತಿಯೊಂದು ಏರ್ಪಾಡಿನಲ್ಲೂ ದೇವರ ಜಾಣ್ಮೆ ಮತ್ತು ದಯೆಯನ್ನು ತೋರಿಸಹೊರಟ ಪುಸ್ತಕ. ಸತ್ತ ಹಕ್ಕಿಗಳನ್ನು ಬರೆದಿಟ್ಟ ಕೈಯೇ ಇದನ್ನೂ ಬರೆಯಿತು. ಇದನ್ನು ಆತ್ಮವಂಚನೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹಾನಿಯನ್ನು ಮುಚ್ಚಿಡದೆ ಅಳೆದು, ಆಮೇಲೂ ನಂಬಿಕೆಯನ್ನು ಬಿಡದವನ ಮುಂದೆ ಇದ್ದ ಪ್ರಶ್ನೆ ಆರಾಮವಾಗಿ ಕುಳಿತು ವಾದಿಸುವವನ ಪ್ರಶ್ನೆಗಿಂತ ಭಾರವಾದದ್ದು.

ಲೈಬ್ನಿಜ್‌ನ ಉಪಮೆಯಾದರೋ ಸಸ್ಯಶಾಸ್ತ್ರದ ಎದುರು ನಿಲ್ಲುವುದಿಲ್ಲ. ಮೊಳೆಯುವ ಬೀಜ ಕೊಳೆಯುವುದಿಲ್ಲ, ಸಾಯುವುದೂ ಇಲ್ಲ. ಅದರ ಹೊರಸಿಪ್ಪೆ ಮೆತ್ತಗಾಗಿ ಒಡೆಯುತ್ತದೆ, ಕೂಡಿಟ್ಟ ಆಹಾರ ಕರಗಿ ಮೊಳಕೆಗೆ ಸೇರುತ್ತದೆ, ಆದರೆ ಒಳಗಿನ ಭ್ರೂಣ ಮೊದಲಿನಿಂದ ಕೊನೆಯವರೆಗೂ ಜೀವಂತವಾಗಿರುತ್ತದೆ. ಸೇಬು, ಪ್ರಿಮ್‌ರೋಸ್ ಮುಂತಾದವುಗಳ ಬೀಜಕ್ಕೆ ಒದ್ದೆಮಣ್ಣಿನ ತಂಪು ವಾರಗಟ್ಟಲೆ ಬೇಕು. ಆಗಲೂ ಅದು ಕಾಯುತ್ತಿರುತ್ತದೆಯೇ ಹೊರತು ಕೆಡುತ್ತಿರುವುದಿಲ್ಲ. ಫೆಬ್ರವರಿಯ ತಣ್ಣನೆಯ ಕೆಸರಿನಲ್ಲಿ ಅವಸರಪಟ್ಟು ಊರಿದ ಬಟಾಣಿ ಕೊಳೆತರೆ ಅಲ್ಲಿ ಮೇಲೇಳಲು ಏನೂ ಉಳಿಯುವುದಿಲ್ಲ. ಕೊಳೆತದ್ದು ಕೊಳೆತದ್ದೇ. ಸುವಾರ್ತೆಯ ಮಾತು ಸಸ್ಯಶಾಸ್ತ್ರದ ಪಾಠವಲ್ಲ, ಅದರ ಅರ್ಥಕ್ಕೆ ಇದರಿಂದ ಧಕ್ಕೆಯಿಲ್ಲ. ಆದರೆ ನಾಶವೇ ಬೆಳವಣಿಗೆಯ ದಾರಿ ಎಂಬ ಸಾಮಾನ್ಯ ನಿಯಮಕ್ಕೆ ಬೀಜವನ್ನು ಸಾಕ್ಷಿಗೆ ಕರೆದರೆ ಬೀಜ ಹೇಳುವ ಸಾಕ್ಷ್ಯ ಬೇರೆಯೇ ಆಗಿರುತ್ತದೆ.

ಚಳಿಗಾಲವನ್ನು ಸಾವಿನೊಡನೆ ಜೋಡಿಸುವ ಇನ್ನೊಂದು ಪ್ರಸಿದ್ಧ ಕಥೆ ಗ್ರೀಕರದು. ಪಾತಾಳದ ಒಡೆಯ ಹೇಡೀಸ್ ಪರ್ಸೆಫೊನಿಯನ್ನು ಹೊತ್ತೊಯ್ಯುತ್ತಾನೆ. ಧಾನ್ಯದೇವತೆಯಾದ ಅವಳ ತಾಯಿ ಡಿಮೀಟರ್‌ಳ ದುಃಖದಿಂದ ಭೂಮಿ ಬಂಜೆಯಾಗುತ್ತದೆ. ಕೊನೆಗೆ ಮಗಳು ವರ್ಷದ ಮೂರನೆಯ ಒಂದು ಭಾಗ ಪಾತಾಳದಲ್ಲಿ, ಉಳಿದ ಕಾಲ ತಾಯಿಯ ಬಳಿ ಇರಬೇಕೆಂದು ತೀರ್ಮಾನವಾಗುತ್ತದೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಚಳಿಗಾಲದುದ್ದಕ್ಕೂ ತರಕಾರಿ ಬೆಳೆಯುವ ಕ್ರಮವನ್ನು ರೂಪಿಸಿದ ಎಲಿಯಟ್ ಕೋಲ್ಮನ್ ಹಗಲು 10 ಗಂಟೆಗಿಂತ ಕಡಿಮೆಯಿರುವ ದಿನಗಳನ್ನು ಪರ್ಸೆಫೊನಿಯ ದಿನಗಳೆಂದು ಕರೆದ. ಲಂಡನ್ನಿನಲ್ಲಿ ಆ ಅವಧಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಆಗ ಸೊಪ್ಪಿನ ಗಿಡಗಳ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಷ್ಟರೊಳಗೆ ಬೆಳೆದದ್ದನ್ನು ಹೊದಿಕೆಯಡಿ ಉಳಿಸಿಕೊಂಡು ಕೊಯ್ಯುವುದಷ್ಟೇ ಸಾಧ್ಯ.

ಆದರೆ ಕಥೆ ಹುಟ್ಟಿದ ಗ್ರೀಸಿನಲ್ಲಿ ಚಳಿಗಾಲ ಬಂಜರು ಕಾಲವೇ ಅಲ್ಲ. ಅಲ್ಲಿ ಗೋಧಿ, ಬಾರ್ಲಿಗಳ ಬಿತ್ತನೆ ಶರತ್ಕಾಲದಲ್ಲಿ; ಚಳಿಗಾಲದ ಮಳೆಗೆ ಹೊಲಗಳು ಹಸಿರಾಗುತ್ತವೆ, ಮೇ-ಜೂನ್‌ನಲ್ಲಿ ಸುಗ್ಗಿ. ಒಣಗಿ ಬಿರಿಯುವುದು ಬೇಸಿಗೆಯಲ್ಲಿ. ಪರ್ಸೆಫೊನಿ ಭೂಮಿಯ ಕೆಳಗಿರುವ ತಿಂಗಳುಗಳೆಂದರೆ ಸುಗ್ಗಿಯ ಧಾನ್ಯವನ್ನು ನೆಲದಡಿಯ ಹಗೇವುಗಳಲ್ಲಿ ಮುಚ್ಚಿಟ್ಟ ಬೇಸಿಗೆಯ ತಿಂಗಳುಗಳು ಎಂದು ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ವಾದಿಸಿದ. ಹಗೇವಿನ ರೂಢಿಯಿದ್ದ ಉತ್ತರ ಕರ್ನಾಟಕದ ಓದುಗರಿಗೆ ಈ ವಾದದ ಸೊಗಸು ತಟ್ಟನೆ ಹೊಳೆದೀತು. ಈ ಕಥೆಯನ್ನು ಹೇಳುವ ಪ್ರಾಚೀನ ಗ್ರೀಕ್ ಪಠ್ಯ ಪರ್ಸೆಫೊನಿ ವಸಂತದ ಹೂಗಳೊಡನೆ ಮರಳುವಳೆಂದು ಹೇಳುವುದರಿಂದ ವಿದ್ವಾಂಸರೆಲ್ಲ ಇದನ್ನು ಒಪ್ಪಿಲ್ಲ. ವಾದ ಗೆಲ್ಲಲಿ ಸೋಲಲಿ, ಒಂದು ವಿಷಯ ಅದರಿಂದ ಸ್ಪಷ್ಟವಾಗುತ್ತದೆ: ಯಾವ ಋತುವೂ ತನ್ನಷ್ಟಕ್ಕೆ ಸಾವಿನ ಋತುವಲ್ಲ, ಅದನ್ನು ಹಾಗೆ ಮಾಡುವುದು ಊರು ಮತ್ತು ಬೆಳೆ. ಉತ್ತರದ ದೇಶಗಳಲ್ಲೂ ತೋಟದ ಸಾವು ಮೇಲ್ನೋಟದ್ದು. ಚೆಕ್ ಲೇಖಕ ಕರೆಲ್ ಚಾಪೆಕ್ ತೋಟಗಾರನ ವರ್ಷವನ್ನು ಕುರಿತ 1929ರ ತನ್ನ ಪುಸ್ತಕದಲ್ಲಿ ನವೆಂಬರ್ ತಿಂಗಳಿಗೆ ಬಂದಾಗ ಇದನ್ನೇ ಒತ್ತಿ ಹೇಳುತ್ತಾನೆ. ಎಲೆ ಉದುರುವ ಹೊತ್ತಿಗೆ ಅದರ ಬುಡದಲ್ಲಿ ಮುಂದಿನ ವರ್ಷದ ಮೊಗ್ಗು ಆಗಲೇ ಕೂತಿರುತ್ತದೆ.

ಇಲ್ಲಿಯವರೆಗಿನದು ಚಳಿಯ ಪರವಾದ ಮಾತಾಯಿತು. ಕೊಲ್ಲುವ ಚಳಿಯನ್ನೂ ಅಷ್ಟೇ ನೇರವಾಗಿ ನೋಡಬೇಕು. ಹೆಪ್ಪುಗಟ್ಟುವ ರಾತ್ರಿ ಮಂಜುಗಡ್ಡೆಯ ಹರಳುಗಳು ಮೊದಲು ಮೂಡುವುದು ಜೀವಕೋಶಗಳ ನಡುವಿನ ಜಾಗದಲ್ಲಿ. ಅವು ಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತವೆ, ಕೋಶ ಒಣಗಿ ಮುದುಡುತ್ತದೆ. ಹರಳು ಒಳಗೇ ಮೂಡಿದರೆ ಉಳಿವಿಲ್ಲ. ಚಳಿನಾಡಿನ ಗಿಡಗಳು ಇದನ್ನು ತಾಳುವುದು ಹುಟ್ಟುಗುಣದಿಂದ ಮಾತ್ರವಲ್ಲ. ಹಗಲು ಗಿಡ್ಡವಾಗುತ್ತ, ರಾತ್ರಿ ತಣ್ಣಗಾಗುತ್ತ ಹೋಗುವ ವಾರಗಳಲ್ಲಿ ಅವು ಸಕ್ಕರೆ ಕೂಡಿಸುತ್ತವೆ, ಕೋಶದ ಪೊರೆಗಳ ಕೊಬ್ಬನ್ನು ಬದಲಿಸಿಕೊಳ್ಳುತ್ತವೆ, ಹೀಗೆ ಮೆಲ್ಲಗೆ ಗಟ್ಟಿಯಾಗುತ್ತವೆ. ಜನವರಿಯಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯನ್ನೂ ತಾಳುವ ಸೇಬಿನ ಮರವೇ ಸಿದ್ಧತೆಯಿಲ್ಲದ ಶರತ್ಕಾಲದಲ್ಲಿ ಅದಕ್ಕಿಂತ ಕಡಿಮೆ ಚಳಿಗೆ ಸಾಯಬಹುದು. 1940ರ ನವೆಂಬರ್ 11ರಂದು ಅಮೆರಿಕದ ನಡುನಾಡಿನಲ್ಲಿ ಬೆಚ್ಚನೆಯ ಹವೆ ಒಮ್ಮೆಲೇ ಹಿಮಗಾಳಿಗೆ ತಿರುಗಿದಾಗ ಅಯೋವಾ ರಾಜ್ಯದ ಸೇಬಿನ ತೋಟಗಳಲ್ಲಿ ಮರಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. ಅವೂ ಚಳಿಯನ್ನು ಬೇಡುವ ಮರಗಳೇ. ಅವುಗಳಿಗೆ ಇಲ್ಲದೆ ಹೋದದ್ದು ಕೆಲವು ವಾರಗಳ ಕಾಲಾವಕಾಶ.

ಆದ್ದರಿಂದ ಚಳಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಚಳಿಯನ್ನಷ್ಟೇ ನೋಡಿ ಉತ್ತರ ಹೇಳಲಾಗದು. ಯಾವ ಗಿಡ, ಯಾವಾಗ, ಎಷ್ಟು ಸಿದ್ಧತೆಯ ಮೇಲೆ ಎಂಬ ಮೂರನ್ನೂ ಕೇಳಬೇಕು. ಭಾರತೀಯ ದರ್ಶನಗಳಲ್ಲಿ ಈ ದಿಕ್ಕಿನ ವಿಚಾರ ಬಹಳ ಹಿಂದೆಯೇ ನಡೆದಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈಶ್ವರನ ಮೇಲೆ ಎರಡು ಆರೋಪಗಳು ಚರ್ಚೆಗೆ ಬರುತ್ತವೆ. ಕೆಲವರನ್ನು ಸುಖಿಗಳಾಗಿ ಕೆಲವರನ್ನು ದುಃಖಿಗಳಾಗಿ ಸೃಷ್ಟಿಸಿದ್ದರಿಂದ ಬರುವ ಪಕ್ಷಪಾತದ ಆರೋಪ ವೈಷಮ್ಯ; ದುಃಖವನ್ನು ಸೃಷ್ಟಿಸಿದ್ದರಿಂದ ಬರುವ ನಿರ್ದಯತೆಯ ಆರೋಪ ನೈರ್ಘೃಣ್ಯ. ಭಾಷ್ಯದಲ್ಲಿ ಶಂಕರರು ಕೊಡುವ ದೃಷ್ಟಾಂತ ಮಳೆಯದು. ಭತ್ತಕ್ಕೂ ಜವೆಗೋಧಿಗೂ ಮಳೆ ಸಮಾನ ಕಾರಣ. ಒಂದು ಭತ್ತವಾಗಿ ಇನ್ನೊಂದು ಜವೆಯಾಗಿ ಬೆಳೆಯುವುದಕ್ಕೆ ಆಯಾ ಬೀಜದ ಸಾಮರ್ಥ್ಯವೇ ಕಾರಣ. ಹಾಗೆಯೇ ಈಶ್ವರ ಎಲ್ಲರಿಗೂ ಸಮಾನ ಕಾರಣ, ವ್ಯತ್ಯಾಸ ಬರುವುದು ಜೀವಿಗಳ ಕರ್ಮದಿಂದ. ಮೊದಲ ಕರ್ಮ ಎಲ್ಲಿಂದ ಬಂತು ಎಂದು ಕೇಳಿದರೆ, ಬೀಜ ಮತ್ತು ಮೊಳಕೆಗಳಂತೆ ಈ ಪರಂಪರೆಗೆ ಆದಿಯಿಲ್ಲ ಎಂಬುದು ಉತ್ತರ. ಉಡುಪಿಯ ಮಧ್ವಾಚಾರ್ಯರು ಇನ್ನೂ ಆಳಕ್ಕೆ ಹೋಗಿ, ವ್ಯತ್ಯಾಸ ಜೀವದ ಸ್ವರೂಪದಲ್ಲೇ ಇದೆ ಎನ್ನುತ್ತಾರೆ. ಜೀವಗಳ ಯೋಗ್ಯತೆಯಲ್ಲಿ ಅನಾದಿಯಾದ ತಾರತಮ್ಯವಿದೆ. ದೇವರು ಅದನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಅರಳಿಸುತ್ತಾನೆ.

ಚಳಿಗಾಲದ ತೋಟದಲ್ಲಿ ಈ ಎರಡು ಉತ್ತರಗಳಿಗೂ ಹೋಲುವ ಸಂಗತಿಗಳಿವೆ. ಟೊಮೆಟೊ ಮತ್ತು ಪಾರ್ಸ್ನಿಪ್ ನಡುವಿನದು ಸ್ವಭಾವದ ವ್ಯತ್ಯಾಸ. ಎಷ್ಟು ಗಟ್ಟಿಗೊಳಿಸಿದರೂ ಟೊಮೆಟೊ ಹಿಮವನ್ನು ತಾಳದು. ಜನವರಿಯ ಸೇಬಿಗೂ ಸಿದ್ಧವಾಗದ ನವೆಂಬರ್‌ನ ಸೇಬಿಗೂ ನಡುವಿನದು ಕಳೆದ ದಿನಗಳ ವ್ಯತ್ಯಾಸ. ಹಿಂದೆ ನಡೆದದ್ದು ಇಂದಿನ ತಾಳಿಕೆಯಾಗಿ ಕೂಡಿದೆ ಅಥವಾ ಕೂಡಿಲ್ಲ. ಬೇಡದ ಸರಳತೆಗೆ ಜಾರದೆ, ಕಾರಣ ಒಂದೇ ಆದರೂ ಫಲ ಬೇರೆಯಾಗುವುದನ್ನು ಈ ವಿಚಾರಗಳು ಗುರುತಿಸುತ್ತವೆ. ಈ ಅಂಶದಲ್ಲಿ ಅವು ಲೈಬ್ನಿಜ್‌ನ ಉಪಮೆಗಿಂತ ಗಿಡಗಳ ನಿಜಕ್ಕೆ ಹತ್ತಿರ.

ಆದರೆ ಒಂದು ಅಪಾಯ ಇಲ್ಲಿಯೂ ಇದೆ. ಫಲದ ವ್ಯತ್ಯಾಸಕ್ಕೆ ಬೀಜವೇ ಕಾರಣ ಎಂಬಲ್ಲಿಂದ ನೊಂದವನ ನೋವಿಗೆ ಅವನೇ ಹೊಣೆ ಎಂಬಲ್ಲಿಗೆ ಒಂದೇ ಹೆಜ್ಜೆ, ಸಮಾಜ ಆ ಹೆಜ್ಜೆಯನ್ನು ಎಷ್ಟೋ ಸಲ ಇಟ್ಟಿದೆ. ಹಿಮ ಬಡಿದ ಟೊಮೆಟೊ ತಪ್ಪು ಮಾಡಿಲ್ಲ. ಅದು ಬೆಚ್ಚನೆಯ ನಾಡಿನಿಂದ ಬಂದ ಗಿಡ. ಚಳಿಯ ಊರಿನಲ್ಲಿ ಅದನ್ನು ನೆಟ್ಟವರು ಮನುಷ್ಯರು. ಅಯೋವಾದ ಮರಗಳಿಗೆ ಹವೆ ಅವಧಿ ಕೊಡಲಿಲ್ಲ. ಸ್ವಭಾವ ಮತ್ತು ಪೂರ್ವಚರಿತ್ರೆ ನೋವನ್ನು ವಿವರಿಸಬಲ್ಲವು. ಆ ವಿವರಣೆಯನ್ನು ತೀರ್ಪಾಗಿ ಓದುವುದು ತತ್ತ್ವದ ದುರುಪಯೋಗ. 1709ರಲ್ಲಿ ಹಸಿದು ಸತ್ತವರ ಬಗ್ಗೆ ಅವರ ಬೀಜವೇ ಹಾಗಿತ್ತು ಎನ್ನುವುದಕ್ಕಿಂತ ಆ ಪ್ರಶ್ನೆಗೆ ಉತ್ತರವಿಲ್ಲವೆಂದು ಸುಮ್ಮನಿರುವುದು ಹೆಚ್ಚು ಧಾರ್ಮಿಕವಾದದ್ದು.

ತೋಟಗಾರಿಕೆಯ ರೂಢಿಯೊಳಗೆ ಈ ಪ್ರಶ್ನೆ ವಾದವಾಗಿ ಬರುವುದಿಲ್ಲ, ಕೆಲಸವಾಗಿ ಬರುತ್ತದೆ. ಕೋಲ್ಡ್ ಫ್ರೇಮ್ ಎಂಬ ಗಾಜಿನ ಮುಚ್ಚಳದ ತಗ್ಗು ಪೆಟ್ಟಿಗೆ, ಫ್ಲೀಸ್ ಎಂಬ ತೆಳುವಾದ ಬಿಳಿ ಹೊದಿಕೆ, ಬುಡಕ್ಕೆ ಹರಡಿದ ಹುಲ್ಲು ಮತ್ತು ತರಗೆಲೆ ಕೊಡುವುದು ಕೆಲವೇ ಡಿಗ್ರಿಗಳ ಆಸರೆ. ಹಲವು ಗಿಡಗಳಿಗೆ ಅಷ್ಟೇ ಸಾಕು. ಬಿದ್ದ ಹಿಮವೂ ಗಾಳಿ ತುಂಬಿದ ಹೊದಿಕೆಯೇ ಆಗಿ ಕೆಳಗಿನ ಮಣ್ಣನ್ನು ಕಾಯುತ್ತದೆ. ಬಿಸಿಲಿನ ದಿನ ಫ್ರೇಮಿನ ಮುಚ್ಚಳ ಎತ್ತದಿದ್ದರೆ ಮಾತ್ರ ಗಿಡ ಮೆತ್ತಗಾಗಿ ಮರುದಿನದ ಚಳಿಗೆ ಸೋಲುತ್ತದೆ. ಹೆಚ್ಚಿನ ರಕ್ಷಣೆಯೂ ಹಾನಿಯೇ. ಬೆಳ್ಳುಳ್ಳಿಯನ್ನು ಬೇಕೆಂದೇ ಬಯಲಿನಲ್ಲಿ ಬಿಡುತ್ತಾರೆ, ಅಂಜೂರದ ಕುಂಡವನ್ನು ಒಳಗೆ ತರುತ್ತಾರೆ.

ಯಾರ್ಕ್‌ಷೈರಿನ ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಊರುಗಳ ನಡುವಿನ ರೂಬಾರ್ಬ್ ಬೇಸಾಯ ಬಯಲು ಮತ್ತು ಆಸರೆ ಎರಡನ್ನೂ ಒಂದೇ ಗಿಡದ ಬಾಳಿನಲ್ಲಿ ಕೂಡಿಸುತ್ತದೆ. ಬೇರುಗಳು ಎರಡು ವರ್ಷ ಕೊಯ್ಲಿಲ್ಲದೆ ಹೊಲದಲ್ಲಿ ಶಕ್ತಿ ಕೂಡಿಟ್ಟುಕೊಳ್ಳುತ್ತವೆ. ಬೇಕಾದಷ್ಟು ಚಳಿ ತಿಂದ ಮೇಲೆ ಅವನ್ನು ಕಿತ್ತು ಬೆಚ್ಚನೆಯ, ಬೆಳಕಿಲ್ಲದ ಕೊಟ್ಟಿಗೆಗಳಿಗೆ ತರುತ್ತಾರೆ. ಕತ್ತಲಲ್ಲಿ ಎದ್ದ ಎಳೆಯ ಗುಲಾಬಿ ದಂಟುಗಳನ್ನು ಮೇಣದಬತ್ತಿಯ ಬೆಳಕಿನಲ್ಲಿ ಕೊಯ್ಯುತ್ತಾರೆ. ಮನೆಯ ತೋಟದಲ್ಲಿ ಇದೇ ಕೆಲಸವನ್ನು ಜನವರಿಯಲ್ಲಿ ಬುಡದ ಮೇಲೆ ಬೋರಲು ಹಾಕಿದ ಬಕೆಟ್ಟು ಮಾಡುತ್ತದೆ. ಚಳಿ ಸಾಲದ ಬೇರನ್ನು ಕತ್ತಲಿಗೆ ತಂದರೆ ದಂಟು ಬಡವಾಗಿ ಬರುತ್ತದೆ. ಚಳಿ ಸಾಕೆನಿಸಿದ ಮೇಲೂ ಹೊರಗೇ ಬಿಡುವುದರಲ್ಲಿ ಬೇರಿಗೆ ಹೆಚ್ಚಿನ ಲಾಭವಿಲ್ಲ. ಸಾಕಾಗಿದೆ ಎಂದು ಗುರುತಿಸುವುದರಲ್ಲೇ ಬೆಳೆಗಾರನ ವಿವೇಕವಿದೆ.

ಎಷ್ಟು ಕೈಹಾಕಬಹುದು ಎಂಬುದನ್ನು ಯೆಹೂದಿ ಧರ್ಮಶಾಸ್ತ್ರ ಬೇರೊಂದು ಸಂದರ್ಭದಲ್ಲಿ ಸೂಕ್ಷ್ಮವಾಗಿ ವಿಂಗಡಿಸಿದೆ. ಏಳನೆಯ ವರ್ಷ, ಶ್ಮಿಟಾದಲ್ಲಿ, ಇಸ್ರೇಲಿನ ಭೂಮಿಗೆ ವಿಶ್ರಾಂತಿ, ಬಿತ್ತುವಂತಿಲ್ಲ, ಸವರುವಂತಿಲ್ಲ. 2021-22 ಅಂಥ ಒಂದು ವರ್ಷವಾಗಿತ್ತು. ಆದರೂ ಮರ ಸಾಯದಂತೆ ನೋಡಿಕೊಳ್ಳುವ ಕೆಲಸಕ್ಕೆ ಅನುಮತಿಯಿದೆ, ಅದನ್ನು ಇನ್ನಷ್ಟು ಫಲವತ್ತಾಗಿಸುವ ಕೆಲಸಕ್ಕೆ ಇಲ್ಲ. ಭೂಮಿಯ ಬಿಡುವಿನ ಹೆಸರಿನಲ್ಲಿ ಜೀವವನ್ನು ಕೈಬಿಡುವುದನ್ನು ಆ ಶಾಸ್ತ್ರ ಒಪ್ಪಲಿಲ್ಲ. ಚಳಿಗಾಲದ ಕೈತೋಟದ ಒಳ್ಳೆಯ ಕೆಲಸವೆಲ್ಲ ಹೆಚ್ಚುಕಡಿಮೆ ಇದೇ ಗೆರೆಯೊಳಗೆ ಬರುತ್ತದೆ: ಉಳಿಸುವುದು, ಬಲವಂತವಾಗಿ ಬೆಳೆಸದಿರುವುದು.

ಚಳಿಗಾಲದ ಕೊನೆಯ ಕೆಲಸ ಮೇ ತಿಂಗಳಿಗೆ ಬೀಳುತ್ತದೆ. ಮಧ್ಯ ಯೂರೋಪಿನಲ್ಲಿ ಮೇ 11ರಿಂದ 13ರವರೆಗಿನ ಮಾಮೆರ್ಟಸ್, ಪ್ಯಾಂಕ್ರಾಸ್, ಸರ್ವೇಷಿಯಸ್ ಸಂತರ ದಿನಗಳನ್ನು ಹಿಮಸಂತರ ದಿನಗಳೆಂದು ಕರೆಯುವುದು ರೂಢಿ. ಅವು ಕಳೆಯುವವರೆಗೆ ನಾಜೂಕಿನ ಸಸಿಗಳನ್ನು ಬಯಲಿನಲ್ಲಿ ನೆಡುವುದಿಲ್ಲ. ಒಳಗೆ ಬೆಳೆಸಿದ ಟೊಮೆಟೊ ಸಸಿಯನ್ನು ಆ ವೇಳೆಗೆ ಹೊರಗಿನ ಹವೆಗೆ ಹೊಂದಿಸಬೇಕು. ಮೊದಲ ದಿನ ಗಾಳಿ ಬೀಸದ ನೆರಳಿನಲ್ಲಿ ಒಂದೆರಡು ಗಂಟೆ ಹೊರಗಿಟ್ಟು ಒಳಗೆ ತರುತ್ತಾರೆ. ದಿನದಿನಕ್ಕೆ ಹೊತ್ತನ್ನೂ ಬಿಸಿಲನ್ನೂ ಹೆಚ್ಚಿಸುತ್ತಾರೆ. ವಾರ-ಹತ್ತು ದಿನಗಳಾದ ಮೇಲೆ, ಹಿಮದ ಭಯವಿಲ್ಲದ ರಾತ್ರಿ ನೋಡಿ ಹೊರಗೇ ಬಿಡುತ್ತಾರೆ. ಎಲೆಯ ಮೇಲ್ಪದರ ದಪ್ಪವಾಗುತ್ತದೆ, ಕಾಂಡ ಗಾಳಿಗೆ ಅಲುಗಿ ಅಲುಗಿ ಗಟ್ಟಿಯಾಗುತ್ತದೆ. ಒಂದೇ ದಿನದಲ್ಲಿ ಹೊರಗಿಟ್ಟ ಸಸಿಯ ಎಲೆ ಬಿಳಿಚಿಕೊಂಡು ಸುಟ್ಟಂತಾಗುತ್ತದೆ, ಚೇತರಿಸಿಕೊಳ್ಳಲು ವಾರಗಳು ಹಿಡಿಯುತ್ತವೆ.